ಸಂಡೂರಿನ ಕೆಂಪು ಗುಡ್ಡದಿಂದ ಹಟ್ಟಿಯ ಹೊಲದವರೆಗೆ

ಸೋಮವಾರ: ಬಳ್ಳಾರಿ, ತೋರಣಗಲ್ಲು, ಸಂಡೂರು

ಬಳ್ಳಾರಿಯಲ್ಲಿ ಫೆಬ್ರವರಿ ಕೊನೆಗೇ ಬಿಸಿಲು ಜೋರಾಗುತ್ತದೆ. ಖನಿಜ ಹುಡುಕುವವರಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ತೊಗರಿ ಕೊಯ್ದಾಗಿರುತ್ತದೆ, ಹತ್ತಿ ಬಿಡಿಸಿ ಮುಗಿದಿರುತ್ತದೆ. ಹುಲ್ಲು ಒಣಗಿ ನೆಲ ಕಾಣುತ್ತದೆ. ಹಳ್ಳದಲ್ಲಿ ನೀರಿಲ್ಲ, ಆಕಾಶದಲ್ಲಿ ಮೋಡ ಇಲ್ಲ. ಕಲ್ಲು, ಮಣ್ಣು ಎರಡೂ ಸಲೀಸಾಗಿ ಕೈಗೆ ಸಿಗುತ್ತವೆ.

ನಾನು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುವವನು. ಜೊತೆಗೆ ಎಂ.ಎಸ್ಸಿ. ಓದುತ್ತಿರುವ ಒಬ್ಬ ಹುಡುಗ, ಒಬ್ಬ ಹುಡುಗಿ. ಅವರ ಪ್ರಾಜೆಕ್ಟ್ ಕೆಲಸಕ್ಕಾಗಿಯೇ ಬಂಗಾರದ ಗಣಿಯ ಊರು ಹಟ್ಟಿಯವರೆಗೆ ಈ ಪ್ರಯಾಣ. ಖನಿಜ ಅನ್ವೇಷಣೆಯಲ್ಲೇ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿನಿ ಒಂದು ವಾರ ರಜೆ ಹಾಕಿ ಬಂದಿದ್ದಳು. ಹುಡುಗರು ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಯಂತ್ರಗಳನ್ನು ಹೊಂದಿಸಿಕೊಂಡು ಬಂದವಳೂ ಅವಳೇ. ಜೀಪಿನ ಡ್ರೈವರ್ ಸಿಂಧನೂರಿನವರು. ನಮಗೆಲ್ಲ ಅವರು 'ಅಣ್ಣ'.

ತೋರಣಗಲ್ಲು ದಾಟಿ ಸಂಡೂರಿನ ಕಡೆ ತಿರುಗಿದರೆ ಗುಡ್ಡದ ಸಾಲು ಎದುರಿಗೆ ನಿಲ್ಲುತ್ತದೆ. ದೋಣಿಮಲೈ, ರಾಮನದುರ್ಗ, ಕುಮಾರಸ್ವಾಮಿ ಬೆಟ್ಟ. ಮಣ್ಣು ಕೆಂಪು, ರಸ್ತೆ ಕೆಂಪು, ರಸ್ತೆ ಪಕ್ಕದ ಬೇವಿನ ಎಲೆಯೂ ಕೆಂಪು. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನೆಲ್ಲ ಸುತ್ತಿ, ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಬಗ್ಗೆ ದೊಡ್ಡ ವರದಿ ಬರೆದರು. ಅದು ಅಚ್ಚಾದದ್ದು 1895ರಲ್ಲಿ. ಅವರ ಕೈಯಲ್ಲಿ ಇದ್ದದ್ದು ಸುತ್ತಿಗೆ, ದಿಕ್ಸೂಚಿ, ಭೂತಗನ್ನಡಿ. ಅವರು ಗುರುತಿಸಿದ ಶಿಲೆಗಳ ಹೆಸರು ಇವತ್ತಿಗೂ ನಮ್ಮ ನಕ್ಷೆಯಲ್ಲಿವೆ.

ರಸ್ತೆ ಕಡಿದ ಒಂದು ದಿಬ್ಬದಲ್ಲಿ ಪಟ್ಟೆ ಪಟ್ಟೆಯ ಕಬ್ಬಿಣದ ಕಲ್ಲು ಚೆನ್ನಾಗಿ ಕಾಣುತ್ತಿತ್ತು. ಒಂದು ಪಟ್ಟೆ ಉಕ್ಕಿನ ಬಣ್ಣದ, ಹೆಮಟೈಟ್ ಎಂಬ ಕಬ್ಬಿಣದ ಖನಿಜ, ಮುಂದಿನದು ಬಿಳಿ ಅಥವಾ ಕೆಂಪು ಸಿಲಿಕಾ, ಮತ್ತೆ ಹೆಮಟೈಟ್. ಹೀಗೆ ಬೆರಳಗಲದಲ್ಲಿ ಏಳೆಂಟು ಪಟ್ಟೆ. ಸ್ಪೆಕ್ಟ್ರೋಮೀಟರನ್ನು ಇಲ್ಲಿ ಹೊರಗೆ ತೆಗೆದೆವು.

ಯಂತ್ರ ಚೀಲದಷ್ಟು ದೊಡ್ಡದು, ಬೆನ್ನಿಗೆ ಹಾಕಿಕೊಳ್ಳುವಂಥದ್ದು. ಅದರಿಂದ ಒಂದು ದಪ್ಪ ಕೇಬಲ್, ಕೇಬಲ್ ತುದಿಗೆ ಸ್ವಂತ ದೀಪ ಇರುವ ಹಿಡಿಕೆ. ಮೊದಲು ದೀಪ ಕಾಯಬೇಕು. ಆಮೇಲೆ ಅಚ್ಚ ಬಿಳಿ ಬಿಲ್ಲೆಯ ಮೇಲೆ ಹಿಡಿದು, ಬಿದ್ದ ಬೆಳಕೆಲ್ಲ ವಾಪಸ್ ಬಂದರೆ ಎಷ್ಟು ಎಂದು ಯಂತ್ರಕ್ಕೆ ತೋರಿಸಬೇಕು. ಅದಾದ ಮೇಲೆ ಕಲ್ಲಿಗೆ ಒತ್ತಿ ಹಿಡಿಯುವುದು. ನಮ್ಮ ಕಣ್ಣು 400ರಿಂದ 700 ನ್ಯಾನೊಮೀಟರ್ ಅಲೆಯುದ್ದದ ಬೆಳಕನ್ನಷ್ಟೇ ನೋಡುತ್ತದೆ. ಈ ಯಂತ್ರ 350ರಿಂದ 2500ರವರೆಗೆ ನೋಡುತ್ತದೆ. ಪ್ರತಿ ಖನಿಜವೂ ಬೆಳಕಿನ ಕೆಲವು ಭಾಗ ನುಂಗಿ ಉಳಿದದ್ದನ್ನು ವಾಪಸ್ ಕಳಿಸುತ್ತದೆ. ನುಂಗಿದ ಕಡೆ ಪರದೆಯ ಗೆರೆಯಲ್ಲಿ ತಗ್ಗು ಬೀಳುತ್ತದೆ. ಆ ತಗ್ಗು ಎಲ್ಲಿ ಬಿತ್ತು, ಎಷ್ಟು ಅಗಲ, ಎಷ್ಟು ಆಳ ಎನ್ನುವುದೇ ಖನಿಜದ ಗುರುತು.

ಹುಡುಗಿ ಹೆಮಟೈಟ್ ಪಟ್ಟೆಗೆ ಹಿಡಿದಳು. ತಗ್ಗು 870ರ ಹತ್ತಿರ ಬಿತ್ತು. ಪಕ್ಕದಲ್ಲೇ ಹಳದಿ ಬೂಷ್ಟು ಕಟ್ಟಿದ ಹಾಗೆ ಇದ್ದ ಜಾಗಕ್ಕೆ ಹಿಡಿದರೆ ಅದೇ ತಗ್ಗು 920ರ ಕಡೆ ಜರುಗಿತು. ಅದು ಗೋಥೈಟ್. ಹೆಮಟೈಟಿನ ಜೊತೆ ನೀರು ಸೇರಿ ಆಗುವ ಖನಿಜ. ಐವತ್ತು ನ್ಯಾನೊಮೀಟರ್ ವ್ಯತ್ಯಾಸ ಏನು ಮಹಾ ಅನ್ನಿಸಬಹುದು. ಆದರೆ ಶುದ್ಧ ಹೆಮಟೈಟಿನಲ್ಲಿ ನೂರಕ್ಕೆ ಸುಮಾರು 70 ಭಾಗ ಕಬ್ಬಿಣ, ಗೋಥೈಟಿನಲ್ಲಿ ಸುಮಾರು 63. ಒಂದು ಗುಡ್ಡದ ತುಂಬ ಈ ವ್ಯತ್ಯಾಸ ಹರಡಿದರೆ ಕುಲುಮೆಯವರ ಲೆಕ್ಕವೇ ಬದಲಾಗುತ್ತದೆ.

ಸ್ವಲ್ಪ ಮುಂದೆ ಮ್ಯಾಂಗನೀಸ್ ಕಲ್ಲಿನ ಚೂರು ಸಿಕ್ಕಿತು. ಕೈಗೆ ಮಸಿ ಹತ್ತುವ ಕಪ್ಪು ಕಲ್ಲು. ಅದಕ್ಕೆ ಹಿಡಿದರೆ ಗೆರೆ ತೀರಾ ಕೆಳಗೆ, ಸಪಾಟಾಗಿ ಬಂತು. ಎಲ್ಲ ಬೆಳಕನ್ನೂ ನುಂಗುವ ಕಲ್ಲಿನ ಬಗ್ಗೆ ಈ ಯಂತ್ರ ಹೆಚ್ಚೇನೂ ಹೇಳಲಾರದು. ಅಕ್ಕ ಎಕ್ಸ್‌ಆರ್‌ಎಫ್ ಗನ್ (ಎಕ್ಸ್-ರೇ ಬಿಟ್ಟು ಧಾತು ಗುರುತಿಸುವ ಕೈಯಂತ್ರ) ತೆಗೆದು ಹಿಡಿದಾಗ ಮ್ಯಾಂಗನೀಸ್, ಕಬ್ಬಿಣ ಎರಡೂ ಅಂಕಿಯಾಗಿ ಬಂದವು. ಬೆಳಕಿನ ಯಂತ್ರ ಖನಿಜ ಹೇಳುತ್ತದೆ, ಎಕ್ಸ್-ರೇ ಯಂತ್ರ ಧಾತು ಹೇಳುತ್ತದೆ. ಎರಡೂ ಬೇರೆ ಬೇರೆ ಪ್ರಶ್ನೆ. ಒಂದಕ್ಕೆ ಉತ್ತರ ಸಿಕ್ಕ ಕೂಡಲೇ ಇನ್ನೊಂದೂ ಸಿಕ್ಕಿತು ಎಂದುಕೊಳ್ಳಬಾರದು. ನಾನು ಹುಡುಗರಿಗೆ ವಾರವಿಡೀ ಹೇಳಿದ್ದು ಇದನ್ನೇ.

ಮಂಗಳವಾರ: ಹೊಸಪೇಟೆ, ಗಂಗಾವತಿ, ಕಾರಟಗಿ

ಗಂಗಾವತಿ ಸುತ್ತ ಬರೀ ಬಂಡೆ. ಆನೆಗೊಂದಿ ಕಡೆಯಿಂದ ನೋಡಿದರೆ ಕಣ್ಣು ಹರಿಯುವವರೆಗೆ ಗ್ರಾನೈಟ್ ಗುಂಡುಗಳು, ನಡುವೆ ಹಸಿರು ಭತ್ತ. ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರು. ರಾಮನಗರದಲ್ಲಿ ಕಾಣುವುದೂ ಇದೇ ಸಾಲು. ವಯಸ್ಸು ಸುಮಾರು 250 ಕೋಟಿ ವರ್ಷ.

ಈ ಬಂಡೆಗೆ ಸ್ಪೆಕ್ಟ್ರೋಮೀಟರ್ ಹಿಡಿದರೆ ಉತ್ತರ ಕಡಿಮೆ. ಗ್ರಾನೈಟಿನ ಮುಖ್ಯ ಖನಿಜಗಳು ಸ್ಫಟಿಕಶಿಲೆ ಮತ್ತು ಫೆಲ್ಡ್‌ಸ್ಪಾರ್. 2500 ನ್ಯಾನೊಮೀಟರ್ ಒಳಗೆ ಅವು ಹೇಳಿಕೊಳ್ಳುವಂಥ ತಗ್ಗು ತೋರಿಸುವುದಿಲ್ಲ. ಅವುಗಳ ಗುರುತು ಇನ್ನೂ ದೂರದಲ್ಲಿದೆ, ಶಾಖದ ಕಿರಣಗಳ ಪಟ್ಟಿಯಲ್ಲಿ, 8ರಿಂದ 12 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಸಾವಿರ ನ್ಯಾನೊಮೀಟರ್) ನಡುವೆ. 1999ರ ಡಿಸೆಂಬರ್‌ನಲ್ಲಿ ಉಪಗ್ರಹದಲ್ಲಿ ಹಾರಿದ ಆಸ್ಟರ್ ಉಪಕರಣದಲ್ಲಿ ಅದಕ್ಕಾಗಿಯೇ ಐದು ಪಟ್ಟಿಗಳಿವೆ. ಅದರ ಕಿರು ಅವಗೆಂಪು (ಕಣ್ಣಿಗೆ ಕಾಣುವ ಕೆಂಪಿನಾಚೆಯ) ಪಟ್ಟಿಗಳು 2008ರಲ್ಲಿ ಕೆಟ್ಟುಹೋದವು. ಅಷ್ಟರೊಳಗೆ ಅದು ತೆಗೆದ ಚಿತ್ರಗಳನ್ನು ಭೂವಿಜ್ಞಾನಿಗಳು ಇಂದಿಗೂ ಬಳಸುತ್ತಾರೆ.

ಬಂಡೆಯ ಮೇಲೆ ಗಾಮಾ ಯಂತ್ರ ಇಟ್ಟೆವು. ಗ್ರಾನೈಟಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಯುರೇನಿಯಂ, ಥೋರಿಯಂ ಕೂಡ ಚೂರು ಚೂರು ಇರುತ್ತವೆ. ಮೂರೂ ತಮ್ಮಷ್ಟಕ್ಕೆ ಗಾಮಾ ಕಿರಣ ಸೂಸುತ್ತವೆ, ಮೂರರ ಶಕ್ತಿಯೂ ಬೇರೆ. ಪೊಟ್ಯಾಸಿಯಂನದು 1.46 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಥೋರಿಯಂ ಒಡೆದು ಹುಟ್ಟುವ ಸಂತತಿಯ ಥ್ಯಾಲಿಯಂನದು 2.61. ಯುರೇನಿಯಂ ಸಂತತಿಯ ಬಿಸ್ಮತ್‌ನದು 1.76. ಕೆಲವೇ ನಿಮಿಷದಲ್ಲಿ ಮೂರು ಅಂಕಿ ಬಂದವು. ಹುಡುಗ ಬಂಡೆಯಿಂದ ಕೆಳಗಿಳಿದು ಎರೆ ಮಣ್ಣಿನ ಮೇಲೆ ಇಟ್ಟು ನೋಡಿದ. ಅಂಕಿ ಇಳಿಯಿತು. ಗಾಮಾ ಕಿರಣ ಮೇಲಿನ ಒಂದಡಿ ಒಂದೂವರೆ ಅಡಿ ನೆಲದಿಂದಷ್ಟೇ ಹೊರಗೆ ಬರುತ್ತದೆ. ಅದರ ಕೆಳಗಿನದನ್ನು ಮಣ್ಣೇ ತಡೆದುಬಿಡುತ್ತದೆ.

ಪೊಟ್ಯಾಸಿಯಂ ವಿಷಯ ಹಟ್ಟಿಯಲ್ಲಿ ಬೇಕಾಗುತ್ತದೆ ಎಂದು ಹೇಳಿ ಮುಂದೆ ಹೊರಟೆವು.

ಕಾರಟಗಿಯಲ್ಲಿ ಚಹಾಕ್ಕೆ ನಿಂತಾಗ ಅಣ್ಣ ಒಂದು ಗೊಬ್ಬರದ ಅಂಗಡಿ ತೋರಿಸಿದರು. "ನಮ್ ಕಡೀ ಭತ್ತಕ್ಕ ಜಿಂಕ್ ಹಾಕ್ಲಾರ್ದ ಯಾರೂ ನಾಟಿ ಮಾಡಂಗಿಲ್ರಿ ಸರ" ಎಂದರು. ಇದನ್ನು ಬರೆದುಕೊಳ್ಳಿ ಎಂದೆ ಹುಡುಗರಿಗೆ. ಕಾಲುವೆ ನೀರಿನ ಗದ್ದೆಯಲ್ಲಿ ಮಣ್ಣು ತೆಗೆದು, ಸತು ಜಾಸ್ತಿ ಬಂತು, ಕೆಳಗೆ ಅದಿರಿದೆ ಎಂದರೆ ಅದು ಜಿಂಕ್ ಸಲ್ಫೇಟ್ ಚೀಲದ ಸತು ಆಗಿರಬಹುದು. ತೋಟದಲ್ಲಿ ತಾಮ್ರದ ಔಷಧಿ ಹೊಡೆದಿದ್ದರೆ ತಾಮ್ರ ಜಾಸ್ತಿ ಬರುತ್ತದೆ. ರೈತನನ್ನು ಮಾತಾಡಿಸದೆ ಮಣ್ಣಿನ ಮಾದರಿ ತೆಗೆಯುವುದು ಅರ್ಧ ಕೆಲಸ.

ಬುಧವಾರ: ಮಸ್ಕಿ, ಲಿಂಗಸೂಗೂರು

ಮಸ್ಕಿಯ ಗುಡ್ಡ ಹತ್ತದೆ ಮುಂದೆ ಹೋಗುವ ಮನಸ್ಸಾಗಲಿಲ್ಲ. ಅಶೋಕನ ಹೆಸರು ನೇರವಾಗಿ ಕೆತ್ತಿರುವ ಶಾಸನ ಇಲ್ಲಿದೆ. ದೇವಾನಾಂಪ್ರಿಯ ಎಂದರೆ ಅಶೋಕನೇ ಎನ್ನುವುದು ಇದರಿಂದ ಗಟ್ಟಿಯಾಯಿತು. 1915ರಲ್ಲಿ ಇದನ್ನು ಕಂಡುಹಿಡಿದ ಬೀಡನ್ ಎಂಬಾತ ಇತಿಹಾಸಕಾರ ಅಲ್ಲ. ನಿಜಾಮನ ಸೀಮೆಯಲ್ಲಿ ಬಂಗಾರ ಹುಡುಕುತ್ತಿದ್ದ ಎಂಜಿನಿಯರ್. ಅದಿರಿಗಾಗಿ ಕಲ್ಲು ಕಲ್ಲು ನೋಡುತ್ತ ಬಂದವರ ಕಣ್ಣಿಗೆ ಅಕ್ಷರ ಬಿತ್ತು. ಹಟ್ಟಿ-ಮಸ್ಕಿ ಶಿಲಾಪಟ್ಟಿ ಎಂದು ನಾವು ಕರೆಯುವ ಕೊಕ್ಕೆಯಾಕಾರದ ಹಸಿರು ಶಿಲೆಗಳ ಸಾಲು ಇಲ್ಲಿಂದಲೇ ಹಾದು ಹೋಗುತ್ತದೆ.

ಸಂಜೆ ಲಿಂಗಸೂಗೂರು ಬಜಾರಿನಲ್ಲಿ ಅಕ್ಕ ನಮ್ಮನ್ನು ಒಂದು ಬಂಗಾರದ ಅಂಗಡಿಗೆ ಕರೆದುಕೊಂಡು ಹೋದಳು. ಅಂಗಡಿಯ ಹಿರಿಯರು ಮೊದಲು ಒರೆಗಲ್ಲು ತೋರಿಸಿದರು. ಕಪ್ಪು ಕಲ್ಲಿನ ಮೇಲೆ ಉಂಗುರ ತಿಕ್ಕಿ, ಗೆರೆಯ ಮೇಲೆ ಆಸಿಡ್ ಹನಿ ಹಾಕಿ, ಬಣ್ಣ ನೋಡಿ ಬಂಗಾರ ಎಷ್ಟು ಶುದ್ಧ ಎಂದು ಹೇಳುವ ಕಲೆ. ಆಮೇಲೆ ಅವರ ಮಗ ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಅದೇ ಉಂಗುರ ಇಟ್ಟ. ಒಂದು ನಿಮಿಷ ಕೂಡ ಆಗಲಿಲ್ಲ, ಪರದೆಯಲ್ಲಿ 91.6 ಎಂದು ಬಂತು. ಇಪ್ಪತ್ತೆರಡು ಕ್ಯಾರೆಟ್.

"ನಮ್ಮ ಗನ್ನೂ ಇದೇ, ಇದರ ತಮ್ಮ" ಎಂದು ಅಕ್ಕ ಹುಡುಗರಿಗೆ ಹೇಳಿದಳು. ಎಕ್ಸ್-ರೇ ಬಿದ್ದಾಗ ಪರಮಾಣುವಿನ ಒಳಗಿನ ಎಲೆಕ್ಟ್ರಾನ್ ಹಾರುತ್ತದೆ. ಆ ಜಾಗಕ್ಕೆ ಹೊರಗಿನದು ಇಳಿಯುತ್ತದೆ. ಇಳಿಯುವಾಗ ಆಯಾ ಧಾತುವಿಗೆ ತಕ್ಕ ಶಕ್ತಿಯ ಎಕ್ಸ್-ರೇ ಹೊರಗೆ ಬರುತ್ತದೆ. ಆ ಶಕ್ತಿ ಅಳೆದರೆ ಧಾತು ಯಾವುದು ಎಂದು ತಿಳಿಯುತ್ತದೆ, ಎಷ್ಟು ಸಲ ಬಂತು ಎಂದು ಎಣಿಸಿದರೆ ಎಷ್ಟಿದೆ ಎಂದು ತಿಳಿಯುತ್ತದೆ.

ಹುಡುಗ ಕೇಳಿದ, "ಹಾಗಾದರೆ ಹಟ್ಟಿ ಮಣ್ಣಿಗೆ ನೇರವಾಗಿ ಹಿಡಿದು ಬಂಗಾರ ಓದಬಹುದಲ್ವಾ ಅಕ್ಕ?"

ಆಗುವುದಿಲ್ಲ. ಉಂಗುರದಲ್ಲಿ ನೂರಕ್ಕೆ ತೊಂಬತ್ತೊಂದು ಭಾಗ ಬಂಗಾರ. ಒಳ್ಳೆಯ ಅದಿರು ಎಂದರೂ ಟನ್ನಿಗೆ ಕೆಲವು ಗ್ರಾಂ. ಟನ್ನಿಗೆ ಒಂದು ಗ್ರಾಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ, ಒಂದು ಪಿಪಿಎಂ. ಹೊಲದ ಮಣ್ಣಿನಲ್ಲಿ ಅದರ ನೂರನೇ ಒಂದು ಭಾಗ ಸಿಕ್ಕರೂ ನಾವು ಕಿವಿ ನೆಟ್ಟಗೆ ಮಾಡುತ್ತೇವೆ. ಅಷ್ಟು ಸಣ್ಣ ಸದ್ದು ಕೈಯಲ್ಲಿ ಹಿಡಿಯುವ ಗನ್ನಿಗೆ ಕೇಳಿಸುವುದಿಲ್ಲ. ಗನ್ನಿಗೆ ಕೇಳಿಸುವುದು ಆರ್ಸೆನಿಕ್. ಹಟ್ಟಿಯ ಅದಿರಿನಲ್ಲಿ ಬಂಗಾರದ ಜೊತೆ ಆರ್ಸೆನೊಪೈರೈಟ್ ಎಂಬ ಆರ್ಸೆನಿಕ್ ಖನಿಜ ಇರುತ್ತದೆ. ಮದುವೆ ದಿಬ್ಬಣ ಬರುವಾಗ ಮೊದಲು ಕೇಳುವುದು ಹಲಗೆ ಸದ್ದು, ಮದುಮಗ ಕಾಣುವುದು ಆಮೇಲೆ. ಬಂಗಾರದ ಮಟ್ಟಿಗೆ ಆರ್ಸೆನಿಕ್ ಆ ಹಲಗೆ. ಆಂಟಿಮನಿ, ಬಿಸ್ಮತ್, ಟಂಗ್‌ಸ್ಟನ್ ಕೂಡ ಇಂಥ ದಾರಿ ತೋರಿಸುವ ಧಾತುಗಳೇ.

ಅದರಲ್ಲೂ ಒಂದು ಎಚ್ಚರ ಬೇಕು. ಆರ್ಸೆನಿಕ್‌ನ ಮುಖ್ಯ ಎಕ್ಸ್-ರೇ, ಸೀಸದ ಮುಖ್ಯ ಎಕ್ಸ್-ರೇ ಎರಡೂ ಹೆಚ್ಚು ಕಡಿಮೆ ಒಂದೇ ಶಕ್ತಿಯವು, 10.5 ಕಿಲೋ ಎಲೆಕ್ಟ್ರಾನ್ ವೋಲ್ಟ್. ಬ್ಯಾಟರಿ ರಿಪೇರಿ ಅಂಗಡಿ ಹಿಂದಿನ ಮಣ್ಣಿಗೆ ಹಿಡಿದು ಆರ್ಸೆನಿಕ್ ಎಂದು ಹಿಗ್ಗಿದರೆ ಕಷ್ಟ. ಯಂತ್ರ ಸೀಸದ ಇನ್ನೊಂದು ಗೆರೆ ನೋಡಿ ತಿದ್ದುಕೊಳ್ಳುತ್ತದೆ. ಸೀಸ ತುಂಬ ಜಾಸ್ತಿ ಇದ್ದರೆ ಆ ತಿದ್ದುಪಡಿಯನ್ನು ನಂಬುವ ಹಾಗಿಲ್ಲ.

ರಾತ್ರಿ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಹುಡುಗರಿಬ್ಬರೂ ಆ ದಿನ ಕಲಿತದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಲೇ ಊಟ ಮಾಡಿದರು.

ಗುರುವಾರ: ಹಟ್ಟಿ ಹತ್ತಿರದ ಹೊಲ

ಈ ಇಡೀ ಪ್ರಯಾಣ ಈ ಒಂದು ದಿನಕ್ಕಾಗಿಯೇ ಇತ್ತು ಎನ್ನಬಹುದು.

ಹಟ್ಟಿಯಲ್ಲಿ ಬಂಗಾರ ತೆಗೆಯುವುದು ನಿನ್ನೆ ಮೊನ್ನೆಯ ಮಾತಲ್ಲ. ಹಳೆಯ ಗಣಿಗಳಲ್ಲಿ ಸಿಕ್ಕ ಮರದ ತುಂಡುಗಳ ವಯಸ್ಸು ಸುಮಾರು ಎರಡು ಸಾವಿರ ವರ್ಷ ಎಂದು ಇಂಗಾಲದ ಪರೀಕ್ಷೆ ಹೇಳಿದೆ. ಆ ಕಾಲದವರು ಕಲ್ಲಿಗೆ ಬೆಂಕಿ ಹಾಕಿ ಸೀಳಿಸಿ ನೂರಾರು ಅಡಿ ಆಳಕ್ಕೆ ಇಳಿದಿದ್ದರು. ಈಗಿನ ಕಂಪನಿ ಶುರುವಾದದ್ದು 1947ರಲ್ಲಿ, ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ನಾಡಿನ ಬಂಗಾರ ಎಂದರೆ ಹಟ್ಟಿ.

ಇಲ್ಲಿಯ ಆಕಾಶದಿಂದಲೂ ಹುಡುಕಾಟ ನಡೆದಿದೆ. ಇಸ್ರೋ ಮತ್ತು ನಾಸಾ ಸೇರಿ ಅವಿರಿಸ್-ಎನ್‌ಜಿ ಎಂಬ ಉಪಕರಣವನ್ನು ವಿಮಾನದಲ್ಲಿಟ್ಟು ಭಾರತದ ಹಲವು ಕಡೆ ಹಾರಿಸಿದಾಗ ಹಟ್ಟಿಯೂ ಆ ಪಟ್ಟಿಯಲ್ಲಿತ್ತು. ಸುಮಾರು 5 ನ್ಯಾನೊಮೀಟರ್‌ಗೊಂದರಂತೆ ನಾನೂರಕ್ಕೂ ಹೆಚ್ಚು ಪಟ್ಟಿಗಳಲ್ಲಿ ನೆಲವನ್ನು ನೋಡುವ ಉಪಕರಣ ಅದು. ಆ ಮಾಹಿತಿಯಿಂದ ಇಲ್ಲಿನ ಶಿಲೆಗಳ ನಕ್ಷೆ ಮಾಡಿದ ಸಂಶೋಧನೆಗಳು ಬಂದಿವೆ.

ಅದೂ ಬಂಗಾರವನ್ನು ಕಾಣುವುದಿಲ್ಲ. ಕಾಣುವುದು ಬಂಗಾರ ಬಂದಾಗ ಸುತ್ತಲಿನ ಕಲ್ಲಿಗೆ ಏನಾಯಿತು ಎನ್ನುವುದನ್ನು. ಭೂಮಿಯೊಳಗೆ ಬಿಸಿ ದ್ರವ ಬಿರುಕಿನಲ್ಲಿ ಏರಿ ಬಂದಾಗ ಅಕ್ಕಪಕ್ಕದ ಕಪ್ಪು ಹಸಿರು ಬಸಾಲ್ಟ್ ಬದಲಾಗುತ್ತದೆ. ಹಟ್ಟಿಯಲ್ಲಿ ಬಂಗಾರದ ಎಳೆಗೆ ತೀರಾ ಹತ್ತಿರ ಬಯೊಟೈಟ್ ಎಂಬ ಕಪ್ಪು ಅಭ್ರಕ, ಸ್ವಲ್ಪ ದೂರದಲ್ಲಿ ಕ್ಲೋರೈಟ್ ಎಂಬ ಹಸಿರು ಖನಿಜ. ಬಯೊಟೈಟ್ ಆಗಬೇಕಾದರೆ ಪೊಟ್ಯಾಸಿಯಂ ಬೇಕು. ಮಂಗಳವಾರದ ಗಾಮಾ ಪಾಠ ಇಲ್ಲಿ ಕೆಲಸಕ್ಕೆ ಬಂತು. ಸ್ಪೆಕ್ಟ್ರೋಮೀಟರಿನಲ್ಲಿ ಕ್ಲೋರೈಟ್ 2250 ಮತ್ತು 2340ರ ಹತ್ತಿರ ತಗ್ಗು ತೋರಿಸುತ್ತದೆ. ಬಿಳಿ ಅಭ್ರಕ 2200ರ ಹತ್ತಿರ. ಕಲ್ಲು ಕೊಳೆತು ಮಣ್ಣಾದಾಗ ಆಗುವ ಕೆಯೊಲಿನ್ ಕೂಡ 2200ರಲ್ಲೇ ಕಾಣುತ್ತದೆ. ಆದರೆ ಅದರ ಪಕ್ಕ 2165ರಲ್ಲಿ ಇನ್ನೊಂದು ಚಿಕ್ಕ ತಗ್ಗು ಇರುತ್ತದೆ. ಆ ಜೋಡಿ ತಗ್ಗು ನೋಡದೆ ಬಿಳಿ ಅಭ್ರಕ ಎಂದು ಬರೆದರೆ, ಬರೀ ಕೊಳೆತ ಕಲ್ಲನ್ನು ಅದಿರಿನ ಗುರುತು ಎಂದು ತಿಳಿದ ಹಾಗಾಗುತ್ತದೆ.

ಕಲ್ಲು ಕಾಣುವ ದಿಬ್ಬದ ಮೇಲೆ ಇಷ್ಟೆಲ್ಲ ಸರಿ. ದಿಬ್ಬ ಇಳಿದರೆ ಹೊಲ. ಅಲ್ಲಿ ವಿಮಾನಕ್ಕೂ ಕಾಣುವುದು ಮೇಲಿನ ಮಣ್ಣಿನ ಪದರ ಮಾತ್ರ. ಅಲ್ಲಿಂದ ಮುಂದೆ ಸಲಿಕೆ ಹಿಡಿಯಬೇಕು.

ಹೊಲದ ಯಜಮಾನರ ಒಪ್ಪಿಗೆ ಮೊದಲೇ ಪಡೆದಿದ್ದೆವು. ಶಿಲೆಗಳು ಇಲ್ಲಿ ಹೆಚ್ಚು ಕಡಿಮೆ ಉತ್ತರ ದಕ್ಷಿಣವಾಗಿ ಓಡುತ್ತವೆ. ಆದ್ದರಿಂದ ನಮ್ಮ ಸಾಲು ಪೂರ್ವ ಪಶ್ಚಿಮ, ಶಿಲೆಗೆ ಅಡ್ಡ. ಗಣಿಯ ಪುಡಿಮಣ್ಣಿನ ಗುಡ್ಡಗಳಿಂದ ಗಾಳಿಗೆ ಧೂಳು ಬರುತ್ತದಲ್ಲ, ಅದರಿಂದ ಸಾಕಷ್ಟು ದೂರದ ಜಾಗ ಆರಿಸಿದ್ದೆವು. ಇಲ್ಲದಿದ್ದರೆ ಗಣಿಯವರು ಎಂದೋ ತೆಗೆದು ಹಾಕಿದ ಮಣ್ಣೇ ನಮ್ಮ ಚೀಲದಲ್ಲಿ ಬಂದು ಕೂರುತ್ತದೆ.

ಕೆಲಸ ಶುರುವಾಗುವ ಮೊದಲು ಅಕ್ಕ ಕೈ ಚಾಚಿದಳು. "ಉಂಗುರ ತೆಗೀರಿ. ಓಲೆ, ಚೈನು ಎಲ್ಲ." ಹುಡುಗಿ ತನ್ನ ಉಂಗುರ ತೆಗೆದು ಚಿಕ್ಕ ಡಬ್ಬಿಗೆ ಹಾಕಿದಳು. ಗುಂಡಿ ತೋಡಲು ಬಂದ ಊರಿನ ಹುಡುಗನ ಬೆರಳಲ್ಲೂ ಮದುವೆಯ ಉಂಗುರ ಇತ್ತು. ನಾಚಿಕೊಂಡು ಅವನೂ ತೆಗೆದ. ಬಂಗಾರ ಮೆದು ಲೋಹ. ಮಣ್ಣು ಉಜ್ಜಿದರೆ ಕಣ್ಣಿಗೆ ಕಾಣದ ಪುಡಿ ಉದುರುತ್ತದೆ. ನಾವು ಹುಡುಕುವುದು ನೂರು ಕೋಟಿಯಲ್ಲಿ ಕೆಲವು ಭಾಗ. ಒಂದು ಉಂಗುರದ ಪುಡಿ ಸಾಕು, ಇಲ್ಲದ ಗಣಿ ಹುಟ್ಟಿಕೊಳ್ಳಲು.

ಮೇಲಿನ ಉಳುಮೆಯ ಮಣ್ಣು ಸರಿಸಿ, ಅದರ ಕೆಳಗಿನ ಕೆಂಪು ಜಿಗುಟು ಪದರ ಸಿಗುವವರೆಗೆ ತೋಡುವುದು. ಸಾಮಾನ್ಯವಾಗಿ ಒಂದು ಮೊಳದ ಆಳ. ಕೆಲವು ಗುಂಡಿಯಲ್ಲಿ ಸುಣ್ಣದ ಹರಳು ಬಂದವು. ಅದನ್ನೂ ಪುಸ್ತಕದಲ್ಲಿ ಬರೆಯಬೇಕು, ಏಕೆಂದರೆ ಸುಣ್ಣ ಕಟ್ಟಿದ ಪದರದಲ್ಲಿ ಬಂಗಾರ ಶೇಖರವಾಗುವುದುಂಟು. ಆಸ್ಟ್ರೇಲಿಯಾದಲ್ಲಿ ಈ ಸುಣ್ಣದ ಪದರವನ್ನೇ ಹಿಡಿದು ಬಂಗಾರ ಹುಡುಕುತ್ತಾರೆ. ಬೇರು, ಕಲ್ಲು ತೆಗೆದು ಮಣ್ಣನ್ನು ಬಟ್ಟೆ ಚೀಲಕ್ಕೆ ತುಂಬಿ, ನಂಬರ್ ಬರೆದ ಚೀಟಿ ಒಳಗೊಂದು ಹೊರಗೊಂದು. ಜಿಪಿಎಸ್ ಅಂಕಿ, ಮಣ್ಣಿನ ಬಣ್ಣ, ಆಳ, ಪಕ್ಕದಲ್ಲಿ ಏನಿದೆ ಎಲ್ಲವೂ ಪುಸ್ತಕಕ್ಕೆ. ಆಮೇಲೆ ಇಪ್ಪತ್ತೈದು ಮೀಟರ್ ನಡೆದು ಮುಂದಿನ ಗುಂಡಿ.

ಮಧ್ಯಾಹ್ನದ ಹೊತ್ತಿಗೆ ಸಾಲು ಒಂದು ಬದುವಿಗೆ ಬಂತು. ಬದುವಿನ ಮೇಲೆ ಆಳೆತ್ತರದ ಹುತ್ತ. ಅರಿಶಿನ, ಕುಂಕುಮ, ಒಣಗಿದ ಹೂವು. ಹುಡುಗ ಖುಷಿಯಾಗಿ ಅದರ ಕಡೆ ಹೆಜ್ಜೆ ಹಾಕಿದ. ಗೆದ್ದಲು ಆಳದ ಮಣ್ಣನ್ನು ಕಣ ಕಣವಾಗಿ ಮೇಲೆ ತರುತ್ತದೆ, ಆದ್ದರಿಂದ ಹುತ್ತದ ಮಣ್ಣು ಒಳ್ಳೆಯ ಮಾದರಿ ಎಂದು ಅವನು ಓದಿದ್ದ. ಅದು ನಿಜವೂ ಹೌದು. ಆಫ್ರಿಕಾ, ಆಸ್ಟ್ರೇಲಿಯಾದಲ್ಲಿ ಹುತ್ತದ ಮಣ್ಣು ತೆಗೆದು ಅದಿರು ಹುಡುಕಿದ್ದಾರೆ. ನಮ್ಮಲ್ಲಿ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಹುತ್ತ ನೋಡಿ ಅಂತರ್ಜಲ ಹೇಳುವ ಕ್ರಮವನ್ನೇ ಬರೆದಿದ್ದಾನೆ.

ಅಷ್ಟರಲ್ಲಿ ಕಳೆ ಕೀಳುತ್ತಿದ್ದ ಅಜ್ಜಿ ಎದ್ದು ನಿಂತರು.

"ಯಪ್ಪಾ, ಅದಕ್ಕ ಕೈ ಹಚ್ಚಬ್ಯಾಡ. ನಾಗಪ್ಪ ಅದಾನ ಅದರಾಗ."

"ಇಲ್ಲ ಅವ್ವಾ, ಮುಟ್ಟಲ್ಲ" ಎಂದು ಹುಡುಗಿ ಹತ್ತಿರ ಹೋಗಿ, ನಾವು ಯಾಕೆ ಬಂದಿದ್ದೇವೆ, ಗೆದ್ದಲು ಏನು ಮಾಡುತ್ತದೆ ಎಂದು ನಿಧಾನವಾಗಿ ಹೇಳಿದಳು. ಅಜ್ಜಿ ಪೂರ್ತಿ ಕೇಳಿದರು. ಆಮೇಲೆ ಕುಡುಗೋಲಿನಿಂದಲೇ ಬದುವಿನ ಆ ತುದಿ ತೋರಿಸಿದರು.

"ಅಲ್ಲೊಂದು ಹಳೇದು ಐತಿ ನೋಡು. ಹ್ವಾದ ಮಳಿಗಾಲಕ್ಕ ಬಿತ್ತು. ಅದಕ್ಕ ಯಾರೂ ಹಾಲು ಎರ್‍ಯಂಗಿಲ್ಲ. ಅದನ್ನ ತಗೋರಿ."

ಬಿದ್ದ ಹುತ್ತದ ಒಳಮಣ್ಣು ಹಿಟ್ಟಿನಷ್ಟು ನಯವಾಗಿತ್ತು. ಜರಡಿ ಹಿಡಿಯುವ ಅಗತ್ಯವೇ ಇಲ್ಲ ಅನ್ನಿಸುವಷ್ಟು. ಎಕ್ಸ್‌ಆರ್‌ಎಫ್ ಹಿಡಿದಾಗ ಆರ್ಸೆನಿಕ್ ಅಂಕಿ ಪಕ್ಕದ ಗುಂಡಿಯ ಮಣ್ಣಿಗಿಂತ ಎದ್ದು ಕಂಡಿತು. ಇನ್ನೊಮ್ಮೆ ಹಿಡಿದೆವು, ಬೇರೆ ಹಿಡಿ ಮಣ್ಣು ತೆಗೆದು ಮತ್ತೆ ಹಿಡಿದೆವು. ಅದೇ ಮಾತು. ಸಾಲಿನಲ್ಲಿ ಅಲ್ಲಿಂದ ಮುಂದಿನ ಕೆಲವು ಗುಂಡಿಗಳಲ್ಲೂ ಆರ್ಸೆನಿಕ್ ಸ್ವಲ್ಪ ಸ್ವಲ್ಪವೇ ಏರಿ ಮತ್ತೆ ಇಳಿಯಿತು. ಹೀಗೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ ಅಂಕಿ ನನಗೆ ಇಷ್ಟ. ಎಲ್ಲೋ ಒಂದೇ ಕಡೆ ಜಿಗಿದು ನಿಲ್ಲುವ ಅಂಕಿಗಿಂತ ಅದು ನಂಬಿಕೆಗೆ ಯೋಗ್ಯ.

ಸಂಜೆ ಹಟ್ಟಿ ಕ್ಯಾಂಪಿನಲ್ಲಿ, ಬಂಗಾರ ಪರೀಕ್ಷೆಯ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರ ಮನೆ ಅಂಗಳದಲ್ಲಿ ಕೂತೆವು. ಬೆಂಕಿಯ ಪರೀಕ್ಷೆ ಹೇಗೆ ಎಂದು ಹುಡುಗರು ಕೇಳಿದರು. ಕಾಕಾ ಕೈಯಲ್ಲೇ ತೂಕ ತೋರಿಸುತ್ತ ಹೇಳಿದರು. ಪುಡಿ ಮಾಡಿದ ಕಲ್ಲು 30 ಗ್ರಾಂ. ಅದಕ್ಕೆ ಸೀಸದ ಆಕ್ಸೈಡ್, ಸೋಡಾ, ಬೊರಾಕ್ಸ್, ಒಂದಿಷ್ಟು ಗೋಧಿ ಹಿಟ್ಟು.

"ಹಿಟ್ಟು ಯಾಕೆ ಕಾಕಾ?"

"ಹಿಟ್ಟು ಸುಟ್ಟು ಇದ್ದಿಲಾಗ್ತದ. ಇದ್ದಿಲು ಆಕ್ಸೈಡನ್ನ ಸೀಸ ಮಾಡ್ತದ. ಸೀಸ ಕರಗಿ ಹನಿಹನಿಯಾಗಿ ಕೆಳಗ ಇಳೀತದ, ಇಳಿಯಾಗ ಬಂಗಾರನ್ನ ಬಾಚ್ಕೊಂಡು ಹೋಗ್ತದ."

ಸಾವಿರ ಡಿಗ್ರಿಗೂ ಮೇಲಿನ ಕುಲುಮೆ. ತಣ್ಣಗಾದ ಮೇಲೆ ಮೇಲಿನ ಗಾಜಿನಂಥ ಕಿಟ್ಟ ಒಡೆದರೆ ತಳದಲ್ಲಿ ಸೀಸದ ಉಂಡೆ. ಅದನ್ನು ಮೂಳೆ ಬೂದಿಯ ಬಟ್ಟಲಲ್ಲಿಟ್ಟು ಮತ್ತೆ ಕಾಯಿಸಬೇಕು. ಬಟ್ಟಲು ಸೀಸವನ್ನು ಹೀರಿಕೊಳ್ಳುತ್ತದೆ. ಉಳಿಯುವುದು ಸೂಜಿ ಮೊನೆಯಷ್ಟು ಮಣಿ, ಬೆಳ್ಳಿ ಬಂಗಾರ ಸೇರಿದ್ದು. ನೈಟ್ರಿಕ್ ಆಸಿಡ್‌ನಲ್ಲಿ ಬೆಳ್ಳಿ ಕರಗಿಹೋಗುತ್ತದೆ. ಉಳಿದ ಬಂಗಾರವನ್ನು ತೂಗುತ್ತಾರೆ. ತೂಗಲಾಗದಷ್ಟು ಕಡಿಮೆ ಇದ್ದರೆ ರಾಜದ್ರಾವಕದಲ್ಲಿ ಕರಗಿಸಿ ಯಂತ್ರದಲ್ಲಿ ಓದುತ್ತಾರೆ. ಇಷ್ಟೆಲ್ಲ ಹೊಸ ಯಂತ್ರ ಬಂದರೂ ಬಂಗಾರದ ಕೊನೆಯ ಮಾತು ಇವತ್ತಿಗೂ ಬೆಂಕಿಯದ್ದೇ.

ಶುಕ್ರವಾರ: ಹಳ್ಳ, ಬೋರ್‌ವೆಲ್

ಬೆಳಿಗ್ಗೆ ಒಣ ಹಳ್ಳದಲ್ಲಿ ಮಾದರಿ ತೆಗೆದೆವು. ಹಳ್ಳದ ಮರಳು ಮೇಲಿನ ಇಡೀ ಜಲಾನಯನದ ಮಣ್ಣನ್ನು ಬೆರೆಸಿ ತಂದಿಟ್ಟಿರುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ದೇಶದ ರಾಸಾಯನಿಕ ನಕ್ಷೆ ಮಾಡುವುದೂ ಮುಖ್ಯವಾಗಿ ಇಂಥ ಹಳ್ಳದ ಮಣ್ಣಿನಿಂದಲೇ. 80 ಮೆಶ್ (ಅಂಗುಲಕ್ಕೆ 80 ಕಣ್ಣಿನ) ಜರಡಿಯಲ್ಲಿ ಇಳಿದ ನಯ ಪುಡಿ ಒಂದು ಚೀಲಕ್ಕೆ. ದಪ್ಪ ಮರಳನ್ನು ತಟ್ಟೆಯಲ್ಲಿ ತೊಳೆದು ಉಳಿದ ಕಪ್ಪು ಮರಳು ಇನ್ನೊಂದು ಚೀಲಕ್ಕೆ. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಹೀಗೆ ತೊಳೆದೇ ಬಂಗಾರ ತೆಗೆಯುತ್ತಿದ್ದರು. ಹುಡುಗಿಯ ಕೈಗೆ ಆ ತಿರುವು ಬೇಗ ಹತ್ತಿತು.

ಹಿಂದಿರುಗುವಾಗ ನಿನ್ನೆಯ ಅಜ್ಜಿ ಬೋರ್‌ವೆಲ್ ಹತ್ತಿರ ಸಿಕ್ಕರು. "ಬಂಗಾರ ಸಿಕ್ತೇನ್ರಿ?" ಎಂದು ನಕ್ಕರು. ನನ್ನ ಕಣ್ಣು ಅವರ ಕೊಡದ ಮೇಲೆ ಇತ್ತು. ರಾಯಚೂರು, ಯಾದಗಿರಿ ಜಿಲ್ಲೆಗಳ ಬಂಗಾರದ ಶಿಲಾಪಟ್ಟಿಯ ಕೆಲವು ಊರುಗಳಲ್ಲಿ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಮಿತಿ ಮೀರಿ ಸಿಕ್ಕಿದೆ. ಯಾದಗಿರಿಯ ಕಿರದಳ್ಳಿ ತಾಂಡಾದಲ್ಲಿ ಜನರ ಚರ್ಮದ ಮೇಲೆ ಅದರ ಕಲೆ ಕಂಡಿದೆ. ನಮಗೆ ದಾರಿ ತೋರಿಸುವ ಧಾತು ಇವರ ಹೊಟ್ಟೆಗೆ ಹೋಗುವ ವಿಷ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು.

ಆರ್ಸೆನಿಕ್ ಏರಿದ ಸಾಲು ನೋಡಿದ ಮೇಲೆ ಊರಿನ ನೀರು ನೋಡದೆ ಹೋಗುವುದು ಸರಿಯಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸಿತು. ಆ ಬೋರ್, ಶಾಲೆಯ ಬೋರ್, ತಾಂಡಾದ ಕೈಪಂಪು, ಮೂರರಿಂದಲೂ ಬಾಟಲಿ ತುಂಬಿ, ಹನಿ ಆಸಿಡ್ ಹಾಕಿ ಮುಚ್ಚಿದೆವು. ಆಸಿಡ್ ಇಲ್ಲದಿದ್ದರೆ ಕಬ್ಬಿಣ ತಳಕ್ಕೆ ಕೂತು ಆರ್ಸೆನಿಕನ್ನೂ ಎಳೆದುಕೊಳ್ಳುತ್ತದೆ, ನೀರು ಶುದ್ಧ ಎಂಬ ಸುಳ್ಳು ವರದಿ ಬರುತ್ತದೆ. ಪಂಚಾಯಿತಿ ಕಾರ್ಯದರ್ಶಿಯ ನಂಬರ್ ತೆಗೆದುಕೊಂಡೆವು.

ಶನಿವಾರ: ವಾಪಸ್ ಬಳ್ಳಾರಿ

ಕಾಲೇಜಿನ ವರಾಂಡದಲ್ಲಿ ಮಣ್ಣು ಒಣಗಿಸಿ, ಜರಡಿ ಹಿಡಿದು, ರಾಶಿ ಮಾಡಿ ನಾಲ್ಕು ಭಾಗ ಮಾಡುವುದು. ಎದುರು ಬದುರಿನ ಎರಡು ಭಾಗ ಇಟ್ಟುಕೊಂಡು ಮತ್ತೆ ರಾಶಿ, ಮತ್ತೆ ನಾಲ್ಕು. ಹೀಗೆ ಮಾಡಿದರೆ ಕೊನೆಗೆ ಉಳಿಯುವ ಹಿಡಿ ಮಣ್ಣು ಇಡೀ ಚೀಲದ ಪರವಾಗಿ ಮಾತಾಡುತ್ತದೆ.

ಹುಡುಗರು ಒಂದು ಲೆಕ್ಕ ಮಾಡಿ ನೋಡಿದರು. ಮಿಲಿಮೀಟರಿನ ಹತ್ತನೇ ಒಂದು ಭಾಗ ಉದ್ದ, ಅಗಲ, ಎತ್ತರದ ಒಂದೇ ಒಂದು ಬಂಗಾರದ ಕಣ 30 ಗ್ರಾಂ ಮಾದರಿಯಲ್ಲಿ ಬಿದ್ದರೆ ಫಲಿತಾಂಶ ಟನ್ನಿಗೆ 0.6 ಗ್ರಾಂ ದಾಟುತ್ತದೆ. ಅದೇ ಚೀಲದ ಇನ್ನೊಂದು 30 ಗ್ರಾಂನಲ್ಲಿ ಆ ಕಣ ಇಲ್ಲದಿದ್ದರೆ ಏನೂ ಇಲ್ಲ. ಇದನ್ನು ಕೈಯಾರೆ ಲೆಕ್ಕ ಮಾಡಿದ ಮೇಲೆ ಇಬ್ಬರೂ ಮಣ್ಣು ಬೆರೆಸುವ ರೀತಿಯೇ ಬದಲಾಯಿತು.

ಚೀಲಗಳ ನಡುವೆ ಬಂಗಾರ ಇಲ್ಲವೆಂದು ಖಚಿತವಾದ ಮರಳು ಕೆಲವು, ಎಷ್ಟಿದೆ ಎಂದು ಮೊದಲೇ ಗೊತ್ತಿರುವ ಪುಡಿ ಕೆಲವು, ಒಂದೇ ಗುಂಡಿಯ ಜೋಡಿ ಚೀಲ ಕೆಲವು ಸೇರಿಸಿದೆವು. ನಂಬರ್ ಮಾತ್ರ ಸಾಲಾಗಿಯೇ. ಪ್ರಯೋಗಾಲಯದವರಿಗೆ ಯಾವುದು ಯಾವುದು ಎಂದು ಗೊತ್ತಾಗಬಾರದು. ಬಂದ ಅಂಕಿ ನಂಬಬಹುದೋ ಇಲ್ಲವೋ ಎಂದು ಹೇಳುವುದು ಈ ಚೀಲಗಳೇ.

ಮಾರ್ಚ್ ಕೊನೆ: ವರದಿ

ನೀರಿನ ವರದಿ ಮೊದಲು ಬಂತು. ಅಜ್ಜಿಯ ಬೋರ್, ಶಾಲೆಯ ಬೋರ್ ಎರಡೂ ಮಿತಿಯೊಳಗೆ. ತಾಂಡಾದ ಕೈಪಂಪು ಮಿತಿ ದಾಟಿತ್ತು. ಅದೇ ದಿನ ಪಂಚಾಯಿತಿಗೆ ಫೋನ್ ಮಾಡಿ, ವರದಿ ಕಳಿಸಿ, ಆ ಪಂಪಿನ ನೀರು ಬಟ್ಟೆ ಒಗೆಯಲು ಮಾತ್ರ ಬಳಸಲು ಹೇಳಿ ಎಂದೆ. ಒಂದು ಸಲದ ಪರೀಕ್ಷೆ ಸಾಲದು. ಮಳೆಗಾಲದ ಮೊದಲೊಮ್ಮೆ, ಆಮೇಲೊಮ್ಮೆ ನೋಡಬೇಕು. ಅದನ್ನೂ ಬರೆದೆ.

ಮಣ್ಣಿನ ವರದಿಯಲ್ಲಿ ಖಾಲಿ ಮರಳು ಖಾಲಿಯಾಗಿಯೇ ಬಂದಿತ್ತು, ಗೊತ್ತಿದ್ದ ಪುಡಿ ಸರಿಯಾಗಿತ್ತು. ಹುತ್ತದ ಸುತ್ತಿನ ಗುಂಡಿಗಳಲ್ಲಿ ಆರ್ಸೆನಿಕ್ ಜೊತೆ ಬಂಗಾರವೂ ಮೆಲ್ಲಗೆ ಏರಿದೆ. ಗಣಿ ಎನ್ನುವಷ್ಟಲ್ಲ, ನೆಲ ಏನೋ ಹೇಳುತ್ತಿದೆ ಎನ್ನುವಷ್ಟು. ಸಾಲಿನ ಪಶ್ಚಿಮದ ತುದಿಯಲ್ಲಿ ಒಂದೇ ಒಂದು ಗುಂಡಿ ಬಂಗಾರದಲ್ಲಿ ಜಿಗಿದು ನಿಂತಿದೆ. ಅಲ್ಲಿ ಆರ್ಸೆನಿಕ್ ಏರಿಲ್ಲ, ಅದರ ಜೋಡಿ ಚೀಲದಲ್ಲೂ ಬಂಗಾರ ಇಲ್ಲ. ಹುಡುಗನಿಗೆ ಆ ಗುಂಡಿಯ ಮೇಲೇ ಕಣ್ಣು. ನನಗೆ ಹುತ್ತದ ಕಡೆಯ ಗುಂಡಿಗಳ ಮೇಲೆ.

ಎರಡೂ ಕಡೆ ಐದು ಮೀಟರ್‌ಗೊಂದು ಗುಂಡಿ ತೆಗೆದು ನೋಡುವುದು ಎಂದು ತೀರ್ಮಾನವಾಯಿತು. ಹೊಲದ ಯಜಮಾನರು ಒಪ್ಪಿದ್ದಾರೆ. ಮುಂಗಾರಿಗೆ ಅವರು ಹೊಲ ಹರಗುವ ಮೊದಲು ಮುಗಿಸಿ, ತೋಡಿದ ಗುಂಡಿ ಮುಚ್ಚಿ ಕೊಡಬೇಕು.